ಬೋರ್ಡಿನ ಲೆಕ್ಕ ಸರಿಯಾಗೇ ಇತ್ತು, ದುಡ್ಡು ಹೋಗಿದ್ದು ಕೇಬಲ್ಲಲ್ಲಿ

ಇನ್ನೂರು ಮುನ್ನೂರು ಡೆವಲಪ್‌ಮೆಂಟ್ ಬೋರ್ಡ್ (ಪ್ರೋಗ್ರಾಂ ಹಾಕಿ ಪ್ರಯೋಗ ಮಾಡೋ ಸಣ್ಣ ಇಲೆಕ್ಟ್ರಾನಿಕ್ ಬೋರ್ಡು) ಮಾಡಿಸಿ ಮಾರೋರನ್ನ ಕೇಳಿ ನೋಡಿ, ಬೋರ್ಡ್ ಮೇಲಿರೋ ಒಂದೊಂದು ರೆಸಿಸ್ಟರ್ ರೇಟೂ ದಶಾಂಶದ ಮೂರನೇ ಸ್ಥಾನದ ತನಕ ಬಾಯಲ್ಲೇ ಇರತ್ತೆ, ಆದ್ರೆ ಆ ಬೋರ್ಡ್ ಜೊತೆ ಹೋಗೋ ಕೇಬಲ್ಲು, ಕೇಸು, ಅಡಾಪ್ಟರು, ಸ್ಕ್ರೂ, ಜಂಪರ್ ವೈರು (ಪಿನ್ನಿಂದ ಪಿನ್ನಿಗೆ ಚುಚ್ಚೋ ಚಿಕ್ಕ ವೈರು) ಇವೆಲ್ಲ "ಅದೇನ್ ಬಿಡಿ, ಎಲ್ಲಾ ಕಡೆ ಸಿಗತ್ತೆ" ಅನ್ನೋ ಖಾತೆಗೆ ಹೋಗಿರತ್ತೆ. ನಾನೂ ಹಾಗೇ ಮಾಡಿದ್ದೆ. ಮೊದಲನೇ ಬ್ಯಾಚ್ ಮುಗಿದ್ಮೇಲೆ ಕೂತು ಲೆಕ್ಕ ಹಾಕಿದ್ರೆ ಬೋರ್ಡಲ್ಲಿ ಅಂದ್ಕೊಂಡಷ್ಟೇ ಲಾಭ ಬಂದಿತ್ತು, ಅದರಲ್ಲಿ ದೊಡ್ಡ ಪಾಲನ್ನ ಈ ಚಿಲ್ಲರೆ ಸಾಮಾನು ಸದ್ದಿಲ್ದೆ ನುಂಗಿ ಹಾಕಿತ್ತು.

ಯಾಕೆ ಹೀಗಾಗತ್ತೆ ಅಂದ್ರೆ, 200 ಅನ್ನೋ ಸಂಖ್ಯೆ ಒಂಥರಾ ತ್ರಿಶಂಕು. ಫ್ಯಾಕ್ಟರಿಗೆ ತೀರಾ ಕಮ್ಮಿ, ಬಿಡಿಯಾಗಿ ಕೊಂಡ್ಕೊಳ್ಳೋಕೆ ತೀರಾ ಜಾಸ್ತಿ. ಚಿಪ್ಪು ಕಪಾಸಿಟರ್ ಆದ್ರೆ ಡಿಸ್ಟ್ರಿಬ್ಯೂಟರ್ ಹತ್ರ 1, 10, 100, 1000 ಅಂತ ಮೆಟ್ಟಿಲು ಮೆಟ್ಟಿಲಾಗಿ ರೇಟ್ ಇಳೀತಾ ಹೋಗತ್ತೆ, ಒಂದೇ ಬೇಕಂದ್ರೂ ಕೊಡ್ತಾರೆ. ಕೇಬಲ್ಲು ಕೇಸು ಮಾಡೋರ ಹತ್ರ ಹಾಗಲ್ಲ, ಕನಿಷ್ಠ ಆರ್ಡರ್ ಅಂತ ಒಂದಿರತ್ತೆ, ಎಂಓಕ್ಯೂ ಅಂತೀವಲ್ಲ ಅದು, ನಮ್ ಲೋಗೋ ಬೇಕು, ಉದ್ದ ಇಷ್ಟೇ ಇರ್ಬೇಕು ಅಂತ ಬಾಯಿ ಬಿಟ್ಟ ತಕ್ಷಣ ಅದು 500ಕ್ಕೋ 1000ಕ್ಕೋ ಹಾರತ್ತೆ. ಆಗ ನಮ್ ತಲೆ ಹೇಗೆ ಓಡತ್ತೆ ಅಂದ್ರೆ, 200 ತಗೊಂಡ್ರೆ ಒಂದಕ್ಕೆ 10, 1000 ತಗೊಂಡ್ರೆ ಒಂದಕ್ಕೆ 6, ಅಂದ್ಮೇಲೆ 1000 ತಗೊಳ್ಳೋದೇ ಲಾಭ ಅಲ್ವಾ? ಅಲ್ಲ. ಮೊದಲನೇದಕ್ಕೆ ಜೇಬಿಂದ ಹೋಗೋದು 2000, ಎರಡನೇದಕ್ಕೆ 6000, ಮಾರೋಕಿರೋ ಬೋರ್ಡ್ ಮಾತ್ರ ಅದೇ 200. ಮಿಕ್ಕ 800 ಕೇಬಲ್ ಮಂಚದ ಕೆಳಗೆ ಕೂತಿರತ್ತೆ. (ಇಲ್ಲಿ ಬರೋ ರೇಟುಗಳೆಲ್ಲ ಉದಾಹರಣೆಗೆ ಅಷ್ಟೇ, ಯಾವ ದೇಶದ ದುಡ್ಡು ಅಂತ ಬೇಕಾದ್ರೂ ಅಂದ್ಕೊಳ್ಳಿ, ಒಂದಕ್ಕೊಂದು ಎಷ್ಟು ಪಟ್ಟು ಅನ್ನೋದು ನೋಡಿ.)

ಈಗ ಆ 10ರ ಕೇಬಲ್ಲನ್ನೇ ಹಿಡ್ಕೊಂಡು ಪೂರ್ತಿ ನಡೆದು ನೋಡೋಣ. 200 ಕೇಬಲ್, 2000. ಡಬ್ಬ ನಮ್ಮ ಬಾಗಿಲಿಗೆ ಬರೋಕೆ ಸಾಗಣೆ 400, ಆಯ್ತು 2400. ಆಮದು ಸುಂಕ, ವಾಪಸ್ ಸಿಗದ ತೆರಿಗೆ ಎಲ್ಲ ಸೇರಿ 20 ಪರ್ಸೆಂಟ್ ಅಂತ ಇಟ್ಕೊಳ್ಳಿ, ಸುಂಕ ಬಹಳ ಕಡೆ ಸಾಮಾನಿನ ರೇಟಿನ ಮೇಲಷ್ಟೇ ಅಲ್ಲ ಸಾಗಣೆ ಸೇರಿಸಿದ ಮೊತ್ತದ ಮೇಲೆ ಬೀಳತ್ತೆ ಅನ್ನೋದು ಮರೀಬೇಡಿ, ಅಂದ್ರೆ 480, ಒಟ್ಟು 2880. ಟೆಸ್ಟ್ ಮಾಡಿದ್ರೆ 6 ಕೆಟ್ಟಿದೆ, ಉಳಿದಿದ್ದು 194. ಒಂದೊಂದನ್ನೂ ಟೆಸ್ಟ್ ಮಾಡಿ ಕವರಿಗೆ ಹಾಕಿ ಲೇಬಲ್ ಅಂಟಿಸೋ ಕೂಲಿ 2 ಅಂದ್ರೂ 388, ಅದು ನಮ್ಮದೇ ಕೈ ಆದ್ರೂ ಕೂಲಿ ಕೂಲೀನೇ. 3268 ಆಯ್ತು. ಇದರಲ್ಲಿ 150 ಮಾರಾಟ ಆಯ್ತು, 44 ಹಾಗೇ ಉಳೀತು ಅಂದ್ರೆ, ಮಾರಿದ ಒಂದೊಂದು ಕೇಬಲ್ಲಿನ ನಿಜವಾದ ಅಸಲು 21.80. ಕೊಟೇಶನ್ನಲ್ಲಿ 10 ಅಂತಿದ್ದದ್ದು, ಡಬ್ಬಲ್‌ಗಿಂತ ಜಾಸ್ತಿ, ಇನ್ನೂ ಲಾಭದ ಮಾತೇ ಎತ್ತಿಲ್ಲ.

ಲಾಭದ ಮಾತಲ್ಲೂ ಒಂದು ಗುಂಡಿ ಇದೆ, ಇದರಲ್ಲಿ ಇಂಜಿನಿಯರುಗಳೇ ಜಾಸ್ತಿ ಬೀಳೋದು ನೋಡಿದೀನಿ. "ನಂಗೆ 40 ಪರ್ಸೆಂಟ್ ಮಾರ್ಜಿನ್ ಬೇಕು" ಅಂತ 21.80ಕ್ಕೆ 40 ಪರ್ಸೆಂಟ್ ಸೇರಿಸಿ 30.50 ಅಂತ ಬರೀತಾರೆ. ಅದು ಮಾರ್ಜಿನ್ ಅಲ್ಲ, ಅಸಲಿನ ಮೇಲೆ ಏರಿಸಿದ್ದು, ಮಾರ್ಕಪ್ಪು. ಮಾರೋ ಬೆಲೇಲಿ 40 ಪರ್ಸೆಂಟ್ ಉಳೀಬೇಕು ಅಂದ್ರೆ 0.6ರಿಂದ ಭಾಗಿಸ್ಬೇಕು, 36.30 ಬರತ್ತೆ. 30.50ಕ್ಕೆ ಮಾರಿದ್ರೆ ನಿಜವಾಗಿ ಉಳಿಯೋದು 28 ಪರ್ಸೆಂಟ್ ಚಿಲ್ಲರೆ. ಇನ್ನು ಅಂಗಡಿಯೋರ ಮೂಲಕ ಮಾರೋ ಯೋಚನೆ ಇದ್ರೆ ಅವರು ಬೆಲೇಲಿ 30-40 ಪರ್ಸೆಂಟ್ ಕೇಳೋದು ಮಾಮೂಲಿ, 30 ಅಂತಾನೇ ಇಟ್ರೂ 36.30ನ ಮತ್ತೆ 0.7ರಿಂದ ಭಾಗಿಸಿ, 51.90. ಅಷ್ಟೊತ್ತಿಗೆ ಕೊಳ್ಳೋನು ಇನ್ನೊಂದು ಟ್ಯಾಬಲ್ಲಿ ಅಂಥದ್ದೇ ಕೇಬಲ್ 25ಕ್ಕೆ ನೋಡಿ, ಇವರೇನು ಲೂಟಿ ಹೊಡೀತಿದಾರಾ ಅಂದ್ಕೊಂಡಿರ್ತಾನೆ. ಅವನ ತಪ್ಪೂ ಅಲ್ಲ. ಲಕ್ಷಗಟ್ಲೆ ಕೇಬಲ್ ಮಾರೋರ ಜೊತೆ 200 ಕೇಬಲ್ ಇಟ್ಕೊಂಡು ನಾವು ರೇಟಲ್ಲಿ ಗೆಲ್ಲೋ ಮಾತೇ ಇಲ್ಲ.

ಹಾಗಂತ ಕೇಬಲ್ಲೇ ಬೇಡ ಅಂತಲೂ ಅಲ್ಲ. ಮೇಲಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಜೋರಾಗಿ ಹೊಡೆದಿದ್ದು ಯಾವುದು ನೋಡಿ, ಉಳಿದುಹೋದ ಆ 44. ಅದೊಂದು ಇಲ್ದಿದ್ರೆ ಅಸಲು 3268 ಭಾಗಿಸು 194, ಅಂದ್ರೆ 16.85. ಬಿಡಿಯಾಗಿ ಮಾರೋ ಸಾಮಾನಿನ ಬೇಡಿಕೆ ಎಷ್ಟು ಅಂತ ಬ್ರಹ್ಮನಿಗೂ ಗೊತ್ತಿಲ್ಲ, ಆದ್ರೆ ಬೋರ್ಡಿನ ಡಬ್ಬಕ್ಕೇ ಹಾಕಿ ಕಳಿಸೋ ಸಾಮಾನು ಬೋರ್ಡ್ ಎಷ್ಟೋ ಅಷ್ಟೇ ಖರ್ಚಾಗತ್ತೆ, ಊಹೆ ಮಾಡೋದೇ ಬೇಡ. ಹಾಗಾಗಿ ನನ್ನ ಅಭಿಪ್ರಾಯ ಏನು ಅಂದ್ರೆ, ಸಣ್ಣ ಬ್ಯಾಚಲ್ಲಿ ಆಕ್ಸೆಸರಿ ಒಂದೋ ಎಲ್ಲರಿಗೂ ಹೋಗ್ಬೇಕು ಇಲ್ಲಾ ಯಾರಿಗೂ ಹೋಗ್ಬಾರ್ದು, ಮಧ್ಯದ "ಬೇಕಾದ್ರೆ ತಗೊಳ್ಳಿ" ಪಟ್ಟಿ ಉದ್ದ ಆದಷ್ಟೂ ಮಂಚದ ಕೆಳಗಿನ ಡಬ್ಬ ಜಾಸ್ತಿ ಆಗತ್ತೆ. ಅದಿಲ್ದೆ ಬೋರ್ಡ್ ಶುರುವೇ ಆಗಲ್ವಾ, ಮತ್ತು ಕೊಳ್ಳೋನು ತಾನೇ ಹೋಗಿ ತಪ್ಪಾದದ್ದನ್ನ ತರೋ ಸಾಧ್ಯತೆ ಜಾಸ್ತಿನಾ, ಎರಡಕ್ಕೂ ಹೌದು ಅಂದ್ರೆ ಡಬ್ಬಕ್ಕೆ ಹಾಕಿ. ಇಲ್ಲಾಂದ್ರೆ ಯಾವುದು ಹೊಂದತ್ತೆ ಅಂತ ಸ್ಪಷ್ಟವಾಗಿ ಬರೆದು ಕೈ ತೊಳ್ಕೊಳ್ಳಿ. 2012ರಲ್ಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಬಂದಾಗ ಕೇಸಿಲ್ಲ, ಅಡಾಪ್ಟರಿಲ್ಲ, ಎಸ್‌ಡಿ ಕಾರ್ಡಿಲ್ಲ, ಬರೀ ಬೋರ್ಡು, ಜನ ತಗೊಂಡ್ರಲ್ಲ.

ತಪ್ಪಾದದ್ದು ತರೋದು ಅಂದ್ನಲ್ಲ, ಅದಕ್ಕೆ ಕೇಬಲ್ಲಿಗಿಂತ ಒಳ್ಳೆ ಉದಾಹರಣೆ ಇಲ್ಲ. ಯುಎಸ್‌ಬಿ ಕೇಬಲ್ ಅಂತ ಕಾಣೋದರಲ್ಲಿ ಕೆಲವದರ ಒಳಗೆ ಎರಡೇ ವೈರ್ ಇರತ್ತೆ, ಕರೆಂಟಿಗೆ ಮಾತ್ರ, ಡೇಟಾ ವೈರೇ ಇರಲ್ಲ. ನಾನು ಸ್ಯಾಂಪಲ್ ತರಿಸಿದಾಗ ನಾಲ್ಕೂ ವೈರ್ ಇತ್ತು, ಬ್ಯಾಚ್ ಬಂದಾಗ ಮೇಲಿನ ಪದರದಿಂದ ಐದಾರು ಎತ್ತಿ ನೋಡಿದೆ, ಸರಿ ಇತ್ತು, ಎಲ್ಲ ಪ್ಯಾಕ್ ಮಾಡಿ ಕಳಿಸಿಬಿಟ್ಟೆ. ಆಮೇಲೆ ಶುರುವಾಯ್ತು ಮೆಸೇಜು: "ಲೈಟ್ ಹತ್ತತ್ತೆ, ಕಂಪ್ಯೂಟರಲ್ಲಿ ಪೋರ್ಟ್ ಕಾಣಲ್ಲ." ಮೊದಲು ಡ್ರೈವರ್ ಅಂದೆ, ಆಮೇಲೆ ಬೂಟ್‌ಲೋಡರ್ (ಬೋರ್ಡಿಗೆ ಪ್ರೋಗ್ರಾಂ ತುಂಬೋ ಪುಟ್ಟ ಸಾಫ್ಟ್‌ವೇರು) ಅಂದೆ, ಒಬ್ಬರ ಹತ್ರ ಮೂರು ದಿನ ಏನೇನೋ ಮಾಡಿಸಿ ಕೊನೆಗೆ ಬೋರ್ಡನ್ನೇ ವಾಪಸ್ ತರಿಸಿದೆ, ನನ್ನ ಟೇಬಲ್ ಮೇಲೆ ಮೊದಲನೇ ಸಲಕ್ಕೇ ಓಡ್ತು. ಅವರು ಜೊತೆಗೆ ಕೇಬಲ್ಲೂ ಕಳಿಸಿದ್ರು, ಪುಣ್ಯಕ್ಕೆ. ಎರಡು ಕೈಯಲ್ಲಿ ಎರಡು ಕೇಬಲ್ ಹಿಡ್ಕೊಂಡಾಗ ಒಂದು ಚೂರು ಹಗುರ ಅನ್ನಿಸ್ತು, ಕತ್ತರಿಸಿ ನೋಡಿದ್ರೆ ಕೆಂಪು ಕಪ್ಪು ಎರಡೇ, ಹಸಿರು ಬಿಳಿ ನಾಪತ್ತೆ. ಒಂದೇ ಡಬ್ಬದಲ್ಲಿ ಎರಡು ಥರದ ಮಾಲು ಬೆರೆತಿತ್ತು. ಆವತ್ತಿಂದ ಒಂದು ಸಣ್ಣ ಪಿಸಿಬಿ (ಸರ್ಕ್ಯೂಟ್ ಅಚ್ಚಾದ ಹಲಗೆ) ಮೇಲೆ ಎರಡೂ ತುದಿಯ ಸಾಕೆಟ್ಟು, ಒಂದೊಂದು ವೈರಿಗೆ ಒಂದೊಂದು ಎಲ್ಇಡಿ ಹಾಕಿ ಟೆಸ್ಟರ್ ಮಾಡ್ಕೊಂಡಿದೀನಿ, ಕೇಬಲ್ ಚುಚ್ಚು, ನಾಲ್ಕೂ ಹತ್ತಿತಾ, ಮುಂದಿಂದು. ಒಂದಕ್ಕೆ 10 ಸೆಕೆಂಡ್ ಅಂದ್ರೂ 200ಕ್ಕೆ ಅರ್ಧ ಗಂಟೆ ಚಿಲ್ಲರೆ ಅಷ್ಟೇ. ದೊಡ್ಡ ಫ್ಯಾಕ್ಟರಿಯೋರು ಐಎಸ್ಓ 2859 ಟೇಬಲ್ ನೋಡ್ಕೊಂಡು ಇಷ್ಟರಲ್ಲಿ ಇಷ್ಟು ಅಂತ ಸ್ಯಾಂಪಲ್ ಎತ್ತಿ ಪರೀಕ್ಷೆ ಮಾಡ್ತಾರೆ, ನಮ್ ಥರ 200 ಇರೋರು ಎಲ್ಲಾನೂ ನೋಡಿಬಿಡೋದೇ ಸುಲಭ.

ಡೇಟಾ ವೈರ್ ಇದ್ರೂ ಮುಗೀಲಿಲ್ಲ. ಕೇಬಲ್ ಅಗ್ಗ ಆಗೋದೇ ತಾಮ್ರ ಕಮ್ಮಿ ಹಾಕೋದ್ರಿಂದ. 28 ಗೇಜ್ ತಾಮ್ರದ ವೈರಿಗೆ (ಗೇಜ್ ನಂಬರ್ ಜಾಸ್ತಿ ಆದಷ್ಟೂ ವೈರ್ ಸಣ್ಣ) ಮೀಟರಿಗೆ ಸುಮಾರು 0.21 ಓಮ್ ರೆಸಿಸ್ಟೆನ್ಸು, ಹೋಗಿ ಬರೋದು ಎರಡೂ ಸೇರಿ 1 ಮೀಟರ್ ಕೇಬಲ್ಲಿಗೆ 0.42, ಬೋರ್ಡು 1 ಆಂಪಿಯರ್ ಎಳೆದ್ರೆ 5 ವೋಲ್ಟಲ್ಲಿ 0.42 ದಾರೀಲೇ ಖಾಲಿ, 4.58 ತಲುಪತ್ತೆ. ರಾಸ್ಪ್‌ಬೆರಿ ಪೈ 4.63ಕ್ಕೆ ಇಳಿದಾಗ್ಲೇ ವೋಲ್ಟೇಜ್ ಕಮ್ಮಿ ಅಂತ ಎಚ್ಚರಿಸತ್ತೆ. ಅದೇ 24 ಗೇಜ್ ಆದ್ರೆ ಬರೀ 0.17 ವೋಲ್ಟ್ ಹೋಗತ್ತೆ. ಅದಕ್ಕೇ ಸಪ್ಲೈಯರ್ ಹತ್ರ "ಒಳ್ಳೆ ಕ್ವಾಲಿಟಿ ಕೊಡಿ" ಅಂತ ಕೇಳಿದ್ರೆ ಪ್ರಯೋಜನ ಇಲ್ಲ, ಪವರ್ ವೈರ್ ಇಷ್ಟು ಗೇಜ್, ತಾಮ್ರ, ಉದ್ದ ಇಷ್ಟು ಅಂತ ಆರ್ಡರಲ್ಲೇ ಬರೀಬೇಕು. ಇನ್ನೊಂದು, ಉದ್ದ ಕಮ್ಮಿ ಮಾಡಿದ್ರೆ ತಾಮ್ರದ ಖರ್ಚೂ ಕಮ್ಮಿ, ವೋಲ್ಟೇಜ್ ಬೀಳೋದೂ ಕಮ್ಮಿ, ತೂಕವೂ ಕಮ್ಮಿ, ಹಾಗಾಗಿ ಡಬ್ಬಕ್ಕೆ ಹಾಕೋಕೆ 30 ಸೆಂಟಿಮೀಟರಿಂದು ಸಾಕು, ಮೇಜಿನ ಮೇಲೆ ಲ್ಯಾಪ್‌ಟಾಪ್ ಪಕ್ಕ ಇಟ್ಕೊಂಡು ಕೆಲಸ ಮಾಡೋನಿಗೆ ಇನ್ನೇನ್ ಬೇಕು.

ಟೈಪ್-ಸಿ ಬಂದ್ಮೇಲೆ ತಪ್ಪು ಕೇಬಲ್ಲಿಂದ ಸ್ವಲ್ಪ ಬೋರ್ಡಿನ ಕಡೆಗೂ ಸರೀತು. ಟೈಪ್-ಸಿ ಸಾಕೆಟ್ಟಲ್ಲಿ, ಏನು ಚುಚ್ಚಿದಾರೆ ಅಂತ ಚಾರ್ಜರಿಗೆ ತಿಳಿಸೋ ಸಿಸಿ ಪಿನ್ ಎರಡಿರತ್ತೆ, ಎರಡಕ್ಕೂ ಬೇರೆ ಬೇರೆ 5.1 ಕಿಲೋಓಮ್ ರೆಸಿಸ್ಟರ್ ಹಾಕ್ಬೇಕು. 2019ರಲ್ಲಿ ರಾಸ್ಪ್‌ಬೆರಿ ಪೈ 4 ಮೊದಲು ಬಂದಾಗ ಎರಡಕ್ಕೂ ಸೇರಿ ಒಂದೇ ರೆಸಿಸ್ಟರ್ ಇತ್ತು, ಮಜಾ ಏನಪ್ಪಾ ಅಂದ್ರೆ ಸಾದಾ ಕೇಬಲ್ ಹಾಕಿದೋರಿಗೆ ಸರಿಯಾಗೇ ಓಡ್ತು, ಒಳಗೆ ಚಿಪ್ ಇರೋ ದುಬಾರಿ ಕೇಬಲ್ ಹಾಕಿದೋರಿಗೆ ಚಾರ್ಜರ್ ಅದನ್ನ ಆಡಿಯೋ ಆಕ್ಸೆಸರಿ ಅಂದ್ಕೊಂಡು ಕರೆಂಟೇ ಕೊಡಲಿಲ್ಲ. ಆಮೇಲಿನ ರಿವಿಷನ್ನಲ್ಲಿ ಸರಿ ಮಾಡಿದ್ರು. ಪುಡಿಗಾಸಿನ ಒಂದು ರೆಸಿಸ್ಟರ್ ಉಳಿಸಿದ್ರೆ ಯಾವ ಕೇಬಲ್ ಹೊಂದತ್ತೆ ಅನ್ನೋ ಪಟ್ಟಿಯೇ ಬದಲಾಗತ್ತೆ.

ಅಡಾಪ್ಟರ್ ವಿಷಯ ಬೇಗ ಮುಗಿಸ್ತೀನಿ: ಮಾರಬೇಡಿ. ಗೋಡೆಯ ಕರೆಂಟಿಗೆ ಚುಚ್ಚೋ ಸಾಮಾನು ನಿಮ್ಮ ಹೆಸರಲ್ಲಿ ಹೋಯ್ತು ಅಂದ್ರೆ ಐಇಸಿ 62368-1 ಥರದ ಸುರಕ್ಷತಾ ಪರೀಕ್ಷೆ, ದೇಶ ದೇಶಕ್ಕೂ ಬೇರೆ ಪ್ಲಗ್ಗು, ಬೇರೆ ಗುರುತು, ಏನಾದ್ರೂ ಸುಟ್ರೆ ಹೊಣೆ ನಿಮ್ಮದು. 5 ವೋಲ್ಟ್, ಇಷ್ಟು ಆಂಪಿಯರ್, ಯುಎಸ್‌ಬಿ ಅಂತ ಬರೆದ್ರೆ ಸಾಕು. ದುಂಡನೇ ಡಿಸಿ ಜಾಕ್ ಇಟ್ಟಿದ್ರೆ ಮಾತ್ರ ಇನ್ನೊಂದು ಸಾಲು ಜಾಸ್ತಿ ಬರೀರಿ, ಯಾಕಂದ್ರೆ ಹೊರಗಡೆ 5.5 ಎಂಎಂ ಇರೋ ಪ್ಲಗ್ಗಲ್ಲಿ ಒಳಗಿನ ತೂತು 2.1 ಮತ್ತು 2.5 ಅಂತ ಎರಡು ಥರ ಇದೆ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲ್ಲ. 2.1ರ ಪ್ಲಗ್ 2.5ರ ಜಾಕಿಗೆ ಹೋಗೋದೇ ಇಲ್ಲ, ಅದು ಒಳ್ಳೇದೇ, ಗೊತ್ತಾಗತ್ತೆ. ಉಲ್ಟಾ ಇದೆಯಲ್ಲ, 2.5ರ ಪ್ಲಗ್ 2.1ರ ಜಾಕಿಗೆ, ಅದು ಸಲೀಸಾಗಿ ಹೋಗಿ ಸಡಿಲವಾಗಿ ಕೂರತ್ತೆ, ಮೇಜು ಅಲ್ಲಾಡಿದಾಗೆಲ್ಲ ಬೋರ್ಡ್ ರೀಸೆಟ್ ಆಗತ್ತೆ, ಬೈಗುಳ ಫರ್ಮ್‌ವೇರಿಗೆ, ಅಂದ್ರೆ ಬೋರ್ಡಿನೊಳಗಿನ ಸಾಫ್ಟ್‌ವೇರಿಗೆ, ಬೀಳತ್ತೆ.

ಲಿಥಿಯಂ ಬ್ಯಾಟರಿ ಇನ್ನೂ ದೊಡ್ಡ ತಲೆನೋವು. ಸೆಲ್ಲಿಗೆ ಸಾಗಣೆ ಸುರಕ್ಷತೆಯ ಯುಎನ್ 38.3 ಪರೀಕ್ಷೆ ಆಗಿರ್ಬೇಕು, ಅಪಾಯದ ಸರಕು ಅಂತ ಹಾಕೋ ನಂಬರು ಬ್ಯಾಟರಿ ಒಂದೇ ಹೋದ್ರೆ ಯುಎನ್ 3480, ಉಪಕರಣದ ಜೊತೆ ಹೋದ್ರೆ ಯುಎನ್ 3481, ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹಾಕೋದನ್ನ 2016ರ ಏಪ್ರಿಲಿಂದ ನಿಲ್ಲಿಸಿದಾರೆ, ಸರಕು ವಿಮಾನಕ್ಕೂ 30 ಪರ್ಸೆಂಟಿಗಿಂತ ಜಾಸ್ತಿ ಚಾರ್ಜ್ ಇರೋ ಹಾಗಿಲ್ಲ. ಇಷ್ಟೆಲ್ಲ ದಾಟಿ ಬಂದ್ರೂ, ಬ್ಯಾಟರಿ ತುದಿಯಲ್ಲಿರೋ ಆ ಬಿಳಿ 2 ಎಂಎಂ ಜೆಎಸ್‌ಟಿ ಕಂಪನಿ ಮಾದರಿಯ ಕನೆಕ್ಟರಲ್ಲಿ ಪ್ಲಸ್ಸು ಯಾವ ಕಡೆ ಅಂತ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ, ಒಬ್ಬೊಬ್ಬ ಬ್ಯಾಟರಿ ಮಾಡೋನು ಒಂದೊಂದು ಥರ. ಕೊಳ್ಳೋನು ಎಲ್ಲಿಂದಲೋ ತಂದು ಚುಚ್ಚಿದ್ರೆ ಬೋರ್ಡ್ ಹೊಗೆ. ಇಲ್ಲಿ ದುಡ್ಡು ಹಾಕ್ಬೇಕಾದ್ದು ಬ್ಯಾಟರಿ ಸ್ಟಾಕ್ ಮಾಡೋಕಲ್ಲ, ಬೋರ್ಡ್ ಮೇಲೆ ಉಲ್ಟಾ ಚುಚ್ಚಿದ್ರೆ ಕರೆಂಟ್ ತಡೆಯೋ ಒಂದು ರಿವರ್ಸ್ ಪ್ರೊಟೆಕ್ಷನ್ ಮಾಸ್‌ಫೆಟ್ಟಿಗೆ, ಜೊತೆಗೆ ಕನೆಕ್ಟರ್ ಪಕ್ಕ ದೊಡ್ಡದಾಗಿ ಪ್ಲಸ್ ಮೈನಸ್ ಪ್ರಿಂಟಿಗೆ.

ಅಂದ್ರೆ ಆಕ್ಸೆಸರಿ ಎಲ್ಲಿಂದ ತರೋದು ಅನ್ನೋದಕ್ಕೆ ಅರ್ಧ ಉತ್ತರ ಬೋರ್ಡ್ ಡಿಸೈನ್ ಮಾಡೋವಾಗ್ಲೇ ಇರತ್ತೆ. ಜಗತ್ತಲ್ಲಿ ಈಗಾಗ್ಲೇ ಯಾರೋ ಮಾಡಿಟ್ಟಿರೋ ಸಾಮಾನಿಗೆ ಹೊಂದೋ ಹಾಗೆ ಬೋರ್ಡ್ ಮಾಡಿದ್ರೆ ನೀವು ಸ್ಟಾಕ್ ಇಡೋದೇ ಬೇಡ. ಪಿನ್ ಹೆಡರ್ 2.54 ಎಂಎಂ, ಸೆನ್ಸರಿಗೆ 1 ಎಂಎಂನ ನಾಲ್ಕು ಪಿನ್ ಜೆಎಸ್‌ಟಿ, ಬೋರ್ಡ್ 65 ಗುಣಿಸು 30 ಎಂಎಂ ಇಟ್ಟು ತೂತುಗಳನ್ನ 58 ಗುಣಿಸು 23ರ ಅಂತರದಲ್ಲಿ ಕೊರೆದ್ರೆ ಪೈ ಝೀರೋಗೆ (ರಾಸ್ಪ್‌ಬೆರಿ ಪೈನ ಪುಟ್ಟ ಮಾಡೆಲ್ಲು) ಅಂತ ಮಾಡಿದ ಎಷ್ಟೋ ಪ್ಲೇಟು ಸ್ಟ್ಯಾಂಡು ಇದಕ್ಕೂ ಕೂರತ್ತೆ. ಆರ್ಡುಯಿನೋ ಊನೋ ಅನ್ನೋ ಡೆವಲಪ್‌ಮೆಂಟ್ ಬೋರ್ಡ್ ನೋಡಿದೀರಲ್ಲ, 7 ಮತ್ತು 8ನೇ ಪಿನ್ ಮಧ್ಯೆ ಗ್ಯಾಪು 0.2 ಇಂಚಿನ ಬದಲು 0.16 ಇಂಚಿದೆ, ಶುರುವಿನ ಬೋರ್ಡಲ್ಲಿ ಆದ ಎಡವಟ್ಟು, ಅಷ್ಟೊತ್ತಿಗೆ ಶೀಲ್ಡುಗಳು (ಅದರ ಪಿನ್ನುಗಳ ಮೇಲೆ ಕೂರಿಸೋ ಬೋರ್ಡುಗಳು) ಬಂದುಬಿಟ್ಟಿದ್ವು, ಹಾಗಾಗಿ ಇವತ್ತಿಗೂ ಹಾಗೇ ಇದೆ. ಬೋರ್ಡಿಗೆ ಆಕ್ಸೆಸರಿ ಅಂದ್ಕೊಂಡ್ರೆ ಕೊನೆಗೆ ಆಕ್ಸೆಸರಿಗೆ ಬೋರ್ಡ್ ಬಗ್ಗಿತು.

ಕೇಸಿನ ಕಥೆಯೂ ಇದೇ. ಪ್ಲಾಸ್ಟಿಕ್ ಅಚ್ಚು ಮಾಡ್ಸೋ ಖರ್ಚನ್ನ 200ಕ್ಕೆ ಹಂಚಿದ್ರೆ ಕೇಸು ಬೋರ್ಡಿಗಿಂತ ದುಬಾರಿ ಆಗತ್ತೆ, ಹಾಗಾಗಿ ಉಳಿಯೋದು ಲೇಸರಲ್ಲಿ ಕತ್ತರಿಸಿದ ಅಕ್ರಿಲಿಕ್ಕು, 3ಡಿ ಪ್ರಿಂಟು, ಇಲ್ಲಾ ಬೋರ್ಡ್ ಮಾಡ್ಸೋ ಕಡೇನೇ ಮೇಲೊಂದು ಕೆಳಗೊಂದು ಖಾಲಿ ಪಿಸಿಬಿ ಮಾಡ್ಸಿ ಮಧ್ಯೆ ಸ್ಪೇಸರ್ ಕೊಟ್ಟು ಸ್ಯಾಂಡ್‌ವಿಚ್ ಮಾಡೋದು, ನಂಗೆ ಇದೇ ಇಷ್ಟ, ಒಂದೇ ಆರ್ಡರು, ಒಂದೇ ಸಾಗಣೆ, ಅಕ್ರಿಲಿಕ್ಕಿನ ಥರ ಸ್ಕ್ರೂ ಬಿಗಿ ಮಾಡಿದ್ರೆ ಸೀಳಲ್ಲ. ಯಾವುದೇ ಆದ್ರೂ ಒಂದು ಬ್ಯಾಚ್ ಬೋರ್ಡಿಗೆ ಎಷ್ಟೋ ಅಷ್ಟೇ ಮಾಡ್ಸಿ. ಒಂದ್ಸಲ ರಿವಿಷನ್ ಬದಲಾದಾಗ ನಾನು ರೂಟಿಂಗ್ (ಬೋರ್ಡ್ ಮೇಲೆ ತಾಮ್ರದ ಗೆರೆ ಎಳೆಯೋದು) ಚೆನ್ನಾಗಾಗತ್ತೆ ಅಂತ ಯುಎಸ್‌ಬಿ ಕನೆಕ್ಟರನ್ನ 2 ಎಂಎಂ ಪಕ್ಕಕ್ಕೆ ತಳ್ಳಿದೆ, ಖುಷಿಯಾಗಿತ್ತು, ಹೊಸ ಬೋರ್ಡ್ ಬಂದ್ಮೇಲೆ ಹಳೇ ಕೇಸಿಗೆ ಕೂರಿಸೋಕೆ ಹೋದ್ರೆ ಕನೆಕ್ಟರ್ ತೂತಿನ ಅಂಚಿಗೆ ಬಡೀತು. ಉಳಿದಿದ್ದ 90 ಕೇಸಲ್ಲಿ ಒಂದಷ್ಟನ್ನ ಸಂಜೆಯೆಲ್ಲ ಕೂತು ಅರದಲ್ಲಿ ಉಜ್ಜಿ ಸರಿ ಮಾಡಿದೆ, ಅಂಚು ಬೆಳ್ಳಗೆ ಸವೆದು ಸೆಕೆಂಡ್ ಹ್ಯಾಂಡ್ ಮಾಲಿನ ಥರ ಕಾಣ್ತಿತ್ತು, ಅದನ್ನ ಪೂರ್ತಿ ಬೆಲೆಗೆ ಮಾರೋಕೆ ಮನಸ್ಸೇ ಬರಲಿಲ್ಲ.

ಕೇಸಿಗೆ ಇನ್ನೊಂದು ಖರ್ಚಿದೆ, ಯಾರ ಕೊಟೇಶನ್ನಲ್ಲೂ ಕಾಣಲ್ಲ. ಕೊರಿಯರ್‌ನೋರು ತೂಕ ಮಾತ್ರ ನೋಡಲ್ಲ, ಗಾತ್ರಾನೂ ನೋಡ್ತಾರೆ, ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದ್ರೆ ಕಿಲೋ ಬರತ್ತೆ, ನಿಜವಾದ ತೂಕ, ಈ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು. 12 ಗುಣಿಸು 9 ಗುಣಿಸು 4ರ ಡಬ್ಬ ಅಂದ್ರೆ 432, 86 ಗ್ರಾಂ ಲೆಕ್ಕ. ಬೋರ್ಡೊಂದೇ ಕವರಲ್ಲಿ ಹೋಗಿದ್ರೆ 25 ಗ್ರಾಂ ಇರ್ತಿತ್ತು. ಇದು ನೂರು ಬೋರ್ಡ್ ಒಟ್ಟಿಗೆ ಅಂಗಡಿಗೆ ಕಳಿಸೋವಾಗ ಜೋರಾಗಿ ಕಾಣತ್ತೆ. ದೇಶ ದಾಟಿಸೋದಾದ್ರೆ ಕಸ್ಟಮ್ಸಿನೋರು ಸಾಮಾನು ಗುರುತಿಸೋ ಎಚ್‌ಎಸ್ ಕೋಡೂ ನೋಡ್ಕೊಳ್ಳಿ, ಕನೆಕ್ಟರ್ ಇರೋ ಕೇಬಲ್ 8544.42, ಅಡಾಪ್ಟರ್ 8504.40, ಲಿಥಿಯಂ ಅಯಾನ್ ಬ್ಯಾಟರಿ 8507.60, ಮೊದಲ ಆರು ಅಂಕಿ ಎಲ್ಲಾ ಕಡೆ ಒಂದೇ, ಸುಂಕ ಮಾತ್ರ ಒಂದೊಂದಕ್ಕೆ ಒಂದೊಂದು. ಆದ್ರೆ ಇವೆಲ್ಲ ಒಂದೇ ಡಬ್ಬದಲ್ಲಿ ಮಾರಾಟದ ಸೆಟ್ಟಾಗಿ ಹೋದ್ರೆ ಸೆಟ್ಟಿಗೆ ಮುಖ್ಯ ಸ್ವಭಾವ ಕೊಡೋ ಸಾಮಾನು ಯಾವುದೋ ಅದರ ಕೋಡಲ್ಲೇ ಹೋಗತ್ತೆ ಅನ್ನೋ ನಿಯಮ ಇದೆ, ಅದಕ್ಕೇ ಕಿಟ್ಟಿನ ಸುಂಕ ಬಿಡಿ ಬಿಡಿ ಸುಂಕಗಳ ಮೊತ್ತ ಆಗಿರ್ಬೇಕು ಅಂತೇನಿಲ್ಲ, ಬೆಲೆ ಬರೆಯೋ ಮುಂಚೆ ಕಸ್ಟಮ್ಸ್ ಏಜೆಂಟನ್ನ ಒಂದು ಮಾತು ಕೇಳಿ.

ಮೆಮೊರಿ ಕಾರ್ಡ್ ಹಾಕೋ ಹಾಗಿದ್ರೆ ಅಗ್ಗಕ್ಕೆ ಮಾತ್ರ ಹೋಗ್ಬೇಡಿ, 64 ಜಿಬಿ ಅಂತ ತೋರಿಸಿ ಒಳಗೆ 8 ಜಿಬಿ ಇರೋ ಕಾರ್ಡುಗಳು ಬರತ್ತೆ, ಎಫ್3 ಅಥವಾ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಸಾಫ್ಟ್‌ವೇರ್ ಹಾಕಿ ಪೂರ್ತಿ ಬರೆದು ಓದಿ ನೋಡಿದ್ರೆ ಮಾತ್ರ ಬಣ್ಣ ಬಯಲು. ಜಂಪರ್ ವೈರಿಗೆ ಅಯಸ್ಕಾಂತ ಹಿಡೀರಿ, ಅಂಟಿದ್ರೆ ಒಳಗಿರೋದು ತಾಮ್ರ ಲೇಪಿಸಿದ ಉಕ್ಕು.

ಕೊನೇ ಕೆಲಸ ಪ್ಯಾಕಿಂಗು, ಇಲ್ಲೂ ದುಡ್ಡು ಸೋರತ್ತೆ. ನಾಲ್ಕು ಸ್ಕ್ರೂ ಇರ್ಬೇಕಾದ ಕವರಲ್ಲಿ ಮೂರಿದ್ರೆ, ಆ ಒಂದು ಸ್ಕ್ರೂ ಅಂಚೆಯಲ್ಲಿ ಕಳಿಸೋಕೆ ನೂರು ಸ್ಕ್ರೂ ರೇಟು ಬೀಳತ್ತೆ. ಎಲ್ಲಾ ತುಂಬಿದ ಡಬ್ಬಾನ ತೂಕಕ್ಕಿಟ್ರೆ ಗೊತ್ತಾಗತ್ತೆ ಅಂದ್ಕೊಂಡು 0.1 ಗ್ರಾಂ ತೋರಿಸೋ ತಕ್ಕಡಿ ತಂದೆ, ಆಗಲಿಲ್ಲ, ಎಂ2.5ರ (2.5 ಎಂಎಂ ದಪ್ಪದ) 6 ಎಂಎಂ ಉದ್ದದ ನೈಲಾನ್ ಸ್ಕ್ರೂ ಅಂದಾಜು 0.06 ಗ್ರಾಂ ತೂಗತ್ತೆ, ಅದರ ಪಕ್ಕ ಕೂತಿರೋ ಕೇಬಲ್ಲೇ ಒಂದರಿಂದ ಇನ್ನೊಂದಕ್ಕೆ ಅದಕ್ಕಿಂತ ಜಾಸ್ತಿ ಏರುಪೇರು. ಉಕ್ಕಿನ ಸ್ಕ್ರೂ ಆದ್ರೆ 0.4 ಗ್ರಾಂ ಹತ್ರ ಬರತ್ತೆ, ಅದನ್ನ ಚಿಕ್ಕ ಕವರಿಗೆ ಹಾಕಿ ಕವರೊಂದನ್ನೇ ತೂಗಿದ್ರೆ ಮೂರಾ ನಾಲ್ಕಾ ಅಂತ ತಕ್ಷಣ ಗೊತ್ತಾಗತ್ತೆ. ನೈಲಾನ್ ಬಿಟ್ಟು ಉಕ್ಕಿಗೆ ಬಂದಿದ್ದು ಗಟ್ಟಿ ಅಂತಲ್ಲ, ತೂಕಕ್ಕೆ ಸಿಗತ್ತೆ ಅಂತ. ಈಗ 200 ಕಿಟ್ಟಿಗೆ 800 ಸ್ಕ್ರೂ ಬೇಕಾದ್ರೆ 850 ತರಿಸ್ತೀನಿ, 50 ಬೇಕಂತಲೇ ಜಾಸ್ತಿ, ಅದರ ರೇಟನ್ನ ಮೊದಲೇ ಕಿಟ್ಟಿನ ಬೆಲೇಲಿ ಸೇರಿಸಿರ್ತೀನಿ.